ಮೂಗು ಅಳೆದ ಮ್ಯೂಸಿಯಂ
(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)



ನಮ್ಮ ವಯನಾಡು ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಮದರಾಸಿನ ಎಗ್ಮೋರಿನಲ್ಲಿ ಸರ್ಕಾರಿ ಮ್ಯೂಸಿಯಂ. 1885ರಿಂದ ಅದರ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಎಂಬ ಇಂಗ್ಲಿಷ್ ದೊರೆ. ಈತ ಅಳತೆಯ ಸಾಮಾನು ಹೊರಿಸಿಕೊಂಡು ನೀಲಗಿರಿ, ವಯನಾಡು ಎಲ್ಲ ಸುತ್ತಿದ. ತಲೆ ಎಷ್ಟು ಉದ್ದ, ಮೂಗು ಎಷ್ಟು ಅಗಲ, ಆಳು ಎಷ್ಟು ಎತ್ತರ, ಎಲ್ಲ ಅಳೆದು ಬರೆದ. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಮೇಲೆ ಏಳು ಸಂಪುಟಗಳು 1909ರಲ್ಲಿ ಅಚ್ಚಾದವು. ರಂಗಾಚಾರಿ ಎಂಬವರು ಅದಕ್ಕೆ ಸಹಾಯಕರು.

ಅದರಲ್ಲೇ ಒಂದು ಮಾತಿದೆ. ವಯನಾಡಿನ ಪಣಿಯ ಹೆಂಗಸರು ಈತನನ್ನು ಕಂಡು ಓಡಿಹೋದರಂತೆ. ನಮ್ಮಲ್ಲಿ ಚೆನ್ನಾಗಿರೋರನ್ನ ಆರಿಸಿ, ಹುಲ್ಲು ತುಂಬಿ ಮ್ಯೂಸಿಯಂನಲ್ಲಿ ನಿಲ್ಲಿಸ್ತಾನೆ ಅನ್ನೋ ಭಯ. ನೀಲಗಿರಿಯ ಒಬ್ಬ ಇರುಳ, ಎತ್ತರ ಅಳೆಯುವ ಕೋಲನ್ನು ನೇಣುಗಂಬ ಅಂತ ಹೇಳಿ ನಿಲ್ಲಲೇ ಇಲ್ಲ.

ಥರ್ಸ್ಟನ್ ಇದನ್ನು ತಮಾಷೆಗೆ ಬರೆದಿದ್ದಾನೆ. ನನಗಂತೂ ನಗು ಬರಲ್ಲ. ಆ ಮ್ಯೂಸಿಯಂನಲ್ಲಿ ಹುಲ್ಲು ತುಂಬಿದ ಪ್ರಾಣಿಗಳು ಇದ್ದದ್ದು ನಿಜ. ಮದರಾಸಿನ ಜನರೇ ಅದಕ್ಕೆ ‘ಸೆತ್ತ ಕಾಲೇಜು’ ಅನ್ನುತ್ತಿದ್ದರು, ಅಂದರೆ ಸತ್ತ ಕಾಲೇಜು. ಪಣಿಯರೋ, ವಳ್ಳಿಯೂರ್‌ಕಾವಿನ ಜಾತ್ರೆಯಲ್ಲಿ ವರ್ಷದ ಜೀತಕ್ಕೆ ಜಮೀನುದಾರರ ಕೈಗೆ ಹೋಗುತ್ತಿದ್ದ ಜನ. ಇನ್ನೊಬ್ಬ ಬಂದು ಮೈ ಅಳೆದರೆ ಅನುಮಾನ ಬರೋದು ದಡ್ಡತನವಾ?

ಅದೇ ಕಾಲದಲ್ಲಿ ರಿಸ್ಲೆ ಎಂಬ ಅಧಿಕಾರಿ, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತವನ್ನೇ ಕಟ್ಟಿದ. ನಮ್ಮ ರಕ್ತ ಬೇರೆ, ಅವರ ರಕ್ತ ಬೇರೆ ಅನ್ನುವವರಿಗೆ ಇನ್ನೇನು ಬೇಕು?

ಬಾಬಾಸಾಹೇಬರು ಆ ಅಳತೆಗಳನ್ನು ಸುಮ್ಮನೆ ಬೈದು ಬಿಡಲಿಲ್ಲ. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ತೋರಿಸಿದರು. ಅವರದೇ ಅಳತೆಗೋಲು, ಅವರ ಬಾಯಿಗೇ ಬೀಗ!

ಈಗ ಅಂಬಲವಯಲ್ ಮ್ಯೂಸಿಯಂನಲ್ಲಿ ವೀರಗಲ್ಲುಗಳ ಜೊತೆ ಆದಿವಾಸಿಗಳ ಆಯುಧ, ಸಾಮಾನುಗಳೂ ಇವೆ. ನಮ್ಮ ಹುಡುಗರು ಹೋಗ್ತಾರೆ, ಸೆಲ್ಫಿ ತಗೊಂಡು ಬರ್ತಾರೆ. ಈ ಸಲ ಅಲ್ಲಿನ ಚೀಟಿ ಓದಿ. ಮಾಡಿದವರ ಹೆಸರು ಇದೆಯಾ, ಅವರು ಆ ವಸ್ತುವಿಗೆ ಏನಂತ ಕರೀತಿದ್ದರು ಅಂತ ಇದೆಯಾ ನೋಡಿ. ಪಕ್ಕದ ಹಾಡಿಯ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ಬಸ್ ಚಾರ್ಜು ಸಂಘ ಕೊಡಲಿ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ಅವರು ಒಪ್ಪಿದರೆ ಮಾತ್ರ. ಆ ನೋಟ್‌ಬುಕ್ಕು ನಮ್ಮ ಸಂಘದ ಕೋಣೆಯಲ್ಲಿರಲಿ, ಒಂದು ಪ್ರತಿ ಹಾಡಿಯಲ್ಲಿರಲಿ.