ಪೇಸ್‌ಮೇಕರ್ ಬದಲಿಸಿಕೊಂಡ ಮೇಲೆ



ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ, ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನು ಧರಿಸಿ ಬಾಳುತ್ತಿರುವವರು ಈಗ ನಮ್ಮಲ್ಲಿ ಅಪರೂಪವಲ್ಲ. ಇಂಥವರಿಗೆ ಏಳೆಂಟು ವರ್ಷಗಳೋ ಹತ್ತು ವರ್ಷಗಳೋ ಕಳೆದ ತರುವಾಯ ವೈದ್ಯರು ‘ಬ್ಯಾಟರಿ ಮುಗಿಯುತ್ತ ಬಂದಿದೆ, ಬದಲಿಸಬೇಕು’ ಎಂದು ತಿಳಿಸಿದಾಗ, ಹೃದಯವೇ ಸೋತುಹೋಯಿತೆಂದು ಭಯಪಡುವವರು ಕೆಲವರು; ಗಡಿಯಾರಕ್ಕೆ ಸೆಲ್ ಹಾಕಿಸುವಷ್ಟೇ ಸುಲಭದ ಕೆಲಸವೆಂದು ಅಲಕ್ಷ್ಯ ತೋರುವವರು ಮತ್ತೆ ಕೆಲವರು. ಆ ಭಯವೂ ಸಲ್ಲದು, ಈ ಅಲಕ್ಷ್ಯವಂತೂ ಸರ್ವಥಾ ಸಲ್ಲದು ಎಂಬುದನ್ನೇ ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಹೃದಯದ ಬಲಭಾಗದ ಮೇಲುಕೋಣೆಯ ಗೋಡೆಯಲ್ಲಿ ಒಂದು ಸಣ್ಣ ಜೀವಕೋಶಸಮೂಹವಿದ್ದು, ಅದು ಯಾರ ಆಜ್ಞೆಗೂ ಕಾಯದೆ ಮಂದವಾದ ವಿದ್ಯುತ್ಪ್ರಚೋದನೆಯನ್ನು ತಾನಾಗಿಯೇ ಹುಟ್ಟಿಸುತ್ತದೆ. ಆ ಪ್ರಚೋದನೆಯು ಕೆಳಕೋಣೆಗಳಿಗೆ ಹರಿದು ಹೃದಯವನ್ನು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯಿಸುತ್ತದೆ. 1907ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ವಿವರಿಸಿದ ಈ ಮೂಲಸ್ಥಾನವು ವಾರ್ಧಕ್ಯದಿಂದಲೋ ವ್ಯಾಧಿಯಿಂದಲೋ ಕುಂದಿದಾಗ, ಇಲ್ಲವೆ ಅಲ್ಲಿಂದ ಕೆಳಗಿಳಿಯುವ ಮಾರ್ಗದಲ್ಲಿ ತಡೆಯುಂಟಾದಾಗ, ನಾಡಿ ಇಳಿದು, ತಲೆ ಸುತ್ತಿ, ಮನುಷ್ಯನು ನಿಂತಲ್ಲಿಯೇ ಪ್ರಜ್ಞೆತಪ್ಪಿ ಬೀಳುವುದುಂಟು. ಆಗ ನೆರವಿಗೆ ಬರುವುದು ಈ ಯಂತ್ರ. ಅದು ಹೃದಯದ ಕಾರ್ಯವನ್ನು ಕಸಿದುಕೊಳ್ಳುವುದಿಲ್ಲ. ಸಹಜವಾದ ಮಿಡಿತಕ್ಕಾಗಿ ಕಾದಿದ್ದು, ಅದು ಬಾರದೆಹೋದಾಗ ಮಾತ್ರ ತಾನು ಪ್ರಚೋದನೆ ನೀಡುತ್ತದೆ.

ಬದಲಾವಣೆಗೆ ಅಂಜುವವರು ಸ್ವೀಡನ್ನಿನ ಆರ್ನೆ ಲಾರ್ಸನ್ನರ ವೃತ್ತಾಂತವನ್ನು ಕೇಳಬೇಕು. ದಿನಕ್ಕೆ ಹಲವು ಬಾರಿ ಪ್ರಜ್ಞೆತಪ್ಪುತ್ತಿದ್ದ ಈ 43 ವರ್ಷದ ರೋಗಿಯ ಪತ್ನಿ, ಇನ್ನೂ ಯಾವ ಮಾನವದೇಹದಲ್ಲಿಯೂ ಪ್ರಯೋಗಿಸದಿದ್ದ ಯಂತ್ರವನ್ನು ತನ್ನ ಗಂಡನಿಗೆ ಇರಿಸಿಕೊಡಬೇಕೆಂದು ಪಟ್ಟುಹಿಡಿದು ಕೇಳಿಕೊಂಡುದರ ಫಲವಾಗಿ, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರು ಷೂ ಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು ಎರಕಹೊಯ್ದ ಯಂತ್ರವನ್ನು, 1958ರ ಅಕ್ಟೋಬರ್ 8ರಂದು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಲಾರ್ಸನ್ನರ ದೇಹದೊಳಗೆ ಇರಿಸಿದರು. ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಯಿತು, ಎರಡನೆಯದನ್ನು ಜೋಡಿಸಿದರು. ತಮ್ಮ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡ ಆ ಮಹನೀಯರು 2001ರವರೆಗೆ ಬದುಕಿದ್ದು, 86ನೆಯ ವಯಸ್ಸಿನಲ್ಲಿ, ಹೃದಯಕ್ಕೆ ಸಂಬಂಧಪಡದ ಕಾಯಿಲೆಯಿಂದ ತೀರಿಕೊಂಡರು. ಅವರನ್ನು ಉಳಿಸಲು ಯತ್ನಿಸಿದ ಎಂಜಿನಿಯರನೂ ಶಸ್ತ್ರವೈದ್ಯನೂ ಅವರಿಗಿಂತ ಮೊದಲೇ ಗತಿಸಿದ್ದರು.

ಮುಂದೆ ಬಳಕೆಗೆ ಬಂದ ಪಾದರಸ-ಸತುವಿನ ಕೋಶಗಳು ಎರಡು ವರ್ಷ ಬಾಳಿದರೆ ಹೆಚ್ಚು. 1970ರ ದಶಕದ ಆದಿಯಲ್ಲಿ ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ಅವರ ಪ್ರಯತ್ನದಿಂದ ಲಿಥಿಯಮ್-ಅಯೋಡಿನ್ ಕೋಶವು ಬಳಕೆಗೆ ಬಂದುದು ಈ ವಿದ್ಯೆಯ ಭಾಗ್ಯೋದಯವೆಂದೇ ನನ್ನ ಎಣಿಕೆ. ಅದರ ಗುಣ ಆಯುಸ್ಸಿನಲ್ಲಷ್ಟೇ ಅಲ್ಲ, ಅದು ಸವೆಯುವ ರೀತಿಯಲ್ಲಿಯೂ ಇದೆ: ಒಳಗಿನ ಎರಡು ದ್ರವ್ಯಗಳು ಕೂಡಿ ನಡುವೆ ಕಟ್ಟುವ ಲವಣದ ಪದರವು ವರ್ಷವರ್ಷಕ್ಕೆ ದಪ್ಪವಾಗುತ್ತ, ವಿದ್ಯುತ್ತಿಗೆ ತಡೆಯೊಡ್ಡುತ್ತ, ಶಕ್ತಿಯನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತದೆಯೇ ಹೊರತು ಒಮ್ಮೆಲೇ ಕೈಕೊಡುವುದಿಲ್ಲ. ಗೊತ್ತಾದ ಮಟ್ಟಕ್ಕೆ ಇಳಿದೊಡನೆ ಯಂತ್ರವು ತಪಾಸಣೆಯಲ್ಲಿ ಸೂಚನೆ ಕೊಡುತ್ತದೆ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮೂರು ತಿಂಗಳಷ್ಟು ಅವಕಾಶವಿರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ಗೊತ್ತುಪಡಿಸಿದ ತಪಾಸಣೆಯನ್ನು ತಪ್ಪಿಸಿಕೊಂಡವನಿಗೆ ಈ ಸೂಚನೆ ಮುಟ್ಟುವುದೆಂತು?

ಜನ ‘ಬ್ಯಾಟರಿ’ ಎನ್ನುತ್ತಾರಾದರೂ, ಕೋಶವೂ ಮಿಕ್ಕ ವಿದ್ಯುದ್ಭಾಗಗಳೂ ಟೈಟೇನಿಯಮ್ ಲೋಹದ ಕರಡಿಗೆಯಲ್ಲಿ ಒಟ್ಟಾಗಿ ಮುಚ್ಚಿ ಬೆಸೆಯಲ್ಪಟ್ಟಿರುವುದರಿಂದ ಇಡೀ ಕರಡಿಗೆಯನ್ನೇ ಬದಲಿಸಬೇಕಾಗುತ್ತದೆ. ಹೃದಯದೊಳಕ್ಕೆ ಹೋಗಿರುವ ತಂತಿಗಳು ಸುಸ್ಥಿತಿಯಲ್ಲಿದ್ದರೆ ಅವನ್ನು ಮುಟ್ಟುವುದಿಲ್ಲ. ಆ ಭಾಗವನ್ನು ಮಾತ್ರ ಮರಗಟ್ಟಿಸಿ, ಹಳೆಯ ಗಾಯದ ಗೆರೆಯ ಬಳಿಯೇ ಕೊಯ್ದು, ತಂತಿಗಳನ್ನು ಪರೀಕ್ಷಿಸಿ, ಹೊಸತಕ್ಕೆ ಜೋಡಿಸಿ ಹೊಲಿಯುತ್ತಾರೆ. ಬಹುಮಂದಿ ಅಂದೋ ಮರುದಿನವೋ ಮನೆಗೆ ಹಿಂದಿರುಗುತ್ತಾರೆ.

ಅಲಕ್ಷ್ಯವು ಅಪಾಯಕಾರಿಯಾಗುವುದು ಇಲ್ಲಿಂದ ಮುಂದೆ. ಶಸ್ತ್ರಕ್ರಿಯೆ ಚಿಕ್ಕದಾದರೂ, ಸೋಂಕು ತಗಲುವ ಸಂಭವ ಮೊದಲ ಬಾರಿಗಿಂತ ಈ ಸಲವೇ ಅಧಿಕ; ಏಕೆಂದರೆ ಯಂತ್ರವನ್ನು ಸುತ್ತುವರಿದು ಬೆಳೆದಿರುವ ಗಡುಸಾದ ಊತಕದಲ್ಲಿ ರಕ್ತಸಂಚಾರ ಕಡಮೆ. ಒಮ್ಮೆ ಸೋಂಕು ಒಳಹೊಕ್ಕಿತೆಂದರೆ ಬರಿಯ ಔಷಧದಿಂದ ಅದು ಶಮನವಾಗುವುದು ದುರ್ಲಭ. ಯಂತ್ರವನ್ನೂ ವರ್ಷಗಳಿಂದ ಹೃದಯಕ್ಕೆ ಅಂಟಿಕೊಂಡಿರುವ ತಂತಿಗಳನ್ನೂ ಹೊರತೆಗೆಯಬೇಕಾದೀತು. ಆದುದರಿಂದ ವೈದ್ಯರು ಹೇಳುವವರೆಗೆ ಗಾಯಕ್ಕೆ ನೀರು ತಾಗಬಾರದು. ಅರಿಸಿನ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಚ್ಚಲಾಗದು. ಹಬ್ಬ ಬಂದಿತೆಂದು ಅಭ್ಯಂಜನಕ್ಕೆ ಕುಳಿತು ಆ ಜಾಗಕ್ಕೆ ಎಣ್ಣೆ ನೀವಿಸಿಕೊಳ್ಳುವುದು ಬೇಡ. ಕೆಂಪೇರಿದರೆ, ಬಿಸಿಯೆನಿಸಿದರೆ, ಬಾತುಕೊಂಡರೆ, ಕೀವು ಜಿನುಗಿದರೆ, ಜ್ವರ ಬಂದರೆ, ಯಂತ್ರ ಹಾಕಿದ ವೈದ್ಯರ ಬಳಿಗೇ ಹೋಗಬೇಕು. ಬಾವನ್ನು ಸೂಜಿ ಚುಚ್ಚಿ ಬಸಿಯಲು ಅನ್ಯರಿಗೆ ಅವಕಾಶ ಕೊಡಕೂಡದು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸಲೂ ಬಾರದು, ಆರಂಭಿಸಲೂ ಬಾರದು.

ತೋಳಿನ ವಿಷಯದಲ್ಲಿ ಮಾತ್ರ ಸಮಾಧಾನವುಂಟು. ಮೊದಲ ಸಲ ತಂತಿಯ ತುದಿ ನೆಲೆನಿಲ್ಲುವವರೆಗೆ ಕೈಯನ್ನು ಭುಜದಿಂದ ಮೇಲೆತ್ತಬಾರದೆಂದು ವಾರಗಟ್ಟಲೆ ನಿರ್ಬಂಧವಿರುತ್ತದೆ. ಹೊಸ ತಂತಿ ಹಾಕದಿದ್ದರೆ ಈ ಸಲ ಅಷ್ಟು ಕಟ್ಟುಪಾಡಿಲ್ಲ. ಹೊಲಿಗೆ ಮಾಗುವವರೆಗೆ ಭಾರ ಎತ್ತದಿದ್ದರೆ ಸಾಕು. ಹೆದರಿಕೆಯಿಂದ ತೋಳನ್ನು ಅಲುಗಿಸದೆ ಇಟ್ಟುಕೊಂಡರೆ ಭುಜವೇ ಬಿಗಿದುಕೊಳ್ಳುತ್ತದೆ.

ಮಿಕ್ಕಂತೆ ಬಾಳು ಎಂದಿನಂತೆಯೇ. ಮಿಕ್ಸಿ, ಟಿ.ವಿ., ಫ್ಯಾನು ಯಾವುದಕ್ಕೂ ಅಂಜಬೇಕಾದುದಿಲ್ಲ. ಮೊಬೈಲನ್ನು ಯಂತ್ರದ ಮೇಲಿನ ಜೇಬಿನಲ್ಲಿಡದೆ, ಗೇಣು ದೂರದಲ್ಲಿರಿಸಿ, ಮತ್ತೊಂದು ಬದಿಯ ಕಿವಿಗೆ ಹಿಡಿಯಬೇಕು. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿರುವುದು ಲೇಸು. ವೆಲ್ಡಿಂಗ್ ವೃತ್ತಿಯವರು ಕೆಲಸಕ್ಕೆ ಮರಳುವ ಮೊದಲು ವೈದ್ಯರನ್ನು ಕೇಳಲೇಬೇಕು. ಎಂ.ಆರ್.ಐ. ಪರೀಕ್ಷೆಗೆ ಹೊಂದುವ ಯಂತ್ರಗಳು ಈಗ ಉಂಟಾದರೂ, ತಮ್ಮದು ಅಂಥದೇ, ಹಳೆಯ ತಂತಿಗಳೂ ಅಂಥವೇ ಎಂದು ಮೊದಲು ವಿಚಾರಿಸತಕ್ಕದ್ದು.

ಇವೆಲ್ಲಕ್ಕೂ ಆಧಾರ, ಯಂತ್ರ ಯಾವುದು, ತಂತಿಗಳು ಯಾವುವು ಎಂದು ಬರೆದು ಆಸ್ಪತ್ರೆಯಲ್ಲಿ ಕೊಟ್ಟ ಗುರುತಿನ ಚೀಟಿ. ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ: ಪೇಸ್‌ಮೇಕರ್ ಧರಿಸಿದವರು ಕಾಲವಶರಾದಾಗ, ದಹನಕ್ಕೆ ಮುಂಚೆ ಅದನ್ನು ವೈದ್ಯಸಿಬ್ಬಂದಿಯಿಂದ ತೆಗೆಸಬೇಕು, ಇಲ್ಲವಾದರೆ ಬೆಂಕಿಯ ತಾಪಕ್ಕೆ ಕೋಶವು ಸಿಡಿಯಬಹುದು. ಆದುದರಿಂದ, ಯಂತ್ರವಿರುವುದು ಇತರರಿಗೂ ತಿಳಿಯುವಂತೆ, ಆ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಿರಿ. ಅದರ ಒಂದು ಪ್ರತಿಯನ್ನು ಮನೆಯವರೆಲ್ಲರೂ ಬಲ್ಲ ಜಾಗದಲ್ಲಿ ಇರಿಸಿರಿ.