ಅಂಪೈರ್ ಬೆರಳೂ ಕ್ಯಾಮೆರಾದ ಕಣ್ಣೂ



ಆಟದ ತೀರ್ಪನ್ನು ಟಿ.ವಿ. ನೋಡಿ ಹೇಳಬೇಕೇ ಬೇಡವೇ ಎಂಬ ಚರ್ಚೆಗೆ ಚಿತ್ರದುರ್ಗದಲ್ಲೇನು ಕೆಲಸ ಎನ್ನಬೇಡಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಯಲುಗಳಲ್ಲಿ ಟೆನಿಸ್ ಚೆಂಡಿನ ಪಂದ್ಯ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ರನೌಟ್ ಜಗಳಕ್ಕೇ.

ಟಿ.ವಿ. ಅಂಪೈರ್ ತೀರ್ಪಿನಿಂದ ಟೆಸ್ಟ್‌ನಲ್ಲಿ ಮೊದಲು ಔಟಾದವರು ಸಚಿನ್ ತೆಂಡೂಲ್ಕರ್. 1992ರ ನವೆಂಬರ್, ಡರ್ಬನ್. ಆಗ ಟಿ.ವಿ. ನೋಡಿ ಹೇಳಿ ಎಂದು ಕೇಳುವ ಅಧಿಕಾರ ಮೈದಾನದ ಅಂಪೈರಿಗೆ ಮಾತ್ರ ಇತ್ತು. ಆಟಗಾರನೂ ಕೇಳಬಹುದೇ ಎಂದಾಗಲೇ ನಿಜವಾದ ಜಗಳ ಎದ್ದದ್ದು.

ನಮ್ಮ ಅನಿಲ್ ಕುಂಬ್ಳೆ ಈ ಕಥೆಯ ಉದ್ದಕ್ಕೂ ಇದ್ದಾರೆ. 2008ರ ಜನವರಿಯ ಸಿಡ್ನಿ ಟೆಸ್ಟ್‌ನಲ್ಲಿ ಅವರೇ ನಾಯಕ. ಚೆಂಡು ತಾಗಿದ್ದು ರಾಹುಲ್ ದ್ರಾವಿಡ್ ಪ್ಯಾಡಿಗೆ, ಅಂಪೈರ್ ಬಕ್ನರ್ ಕೊಟ್ಟದ್ದು ಕ್ಯಾಚ್! ಮನೆಯಲ್ಲಿ ಕುಳಿತವರಿಗೆಲ್ಲ ಕಂಡದ್ದು ತೀರ್ಪು ಕೊಡುವವರಿಗೆ ಕಾಣಲಿಲ್ಲ. ಅದೇ ವರ್ಷ ಶ್ರೀಲಂಕಾದಲ್ಲಿ ಆಟಗಾರರೇ ಮರುಪರಿಶೀಲನೆ ಕೇಳುವ ಪದ್ಧತಿಯ ಪ್ರಯೋಗ ನಡೆಯಿತು. ಕುಂಬ್ಳೆ ತಂಡ ಕೇಳಿದ್ದೆಲ್ಲ ಬಹುಪಾಲು ಹುಸಿಯಾಯಿತು. ಮುಂದೆ ಎಷ್ಟೋ ವರ್ಷ ಭಾರತದ ಮಂಡಳಿ ತನ್ನ ಸರಣಿಗಳಿಗೆ ಅದು ಬೇಡವೆಂದೇ ಕುಳಿತಿತ್ತು. ಒಪ್ಪಿದ್ದು 2016ರಲ್ಲಿ, ಇಂಗ್ಲೆಂಡ್ ತಂಡ ಇಲ್ಲಿಗೆ ಬಂದಾಗ. ಆಗ ಕುಂಬ್ಳೆ ತಂಡದ ಕೋಚ್, ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರೂ ಹೌದು.

ಎಲ್‌ಬಿಡಬ್ಲ್ಯು ತೀರ್ಪಿನಲ್ಲಿ ‘ಅಂಪೈರ್ಸ್ ಕಾಲ್’ ಎಂಬುದೊಂದಿದೆ. ಚೆಂಡು ಸ್ಟಂಪಿನ ಅಂಚನ್ನಷ್ಟೇ ಸವರುತ್ತಿತ್ತು ಎಂದು ಯಂತ್ರ ತೋರಿಸಿದರೆ ಅಂಪೈರ್ ಮೊದಲು ಹೇಳಿದ್ದೇ ಉಳಿಯುತ್ತದೆ. ಒಂದೇ ಚೆಂಡು ಔಟೂ ಹೌದು, ನಾಟೌಟೂ ಹೌದೇ ಎಂದು ನಗುವವರಿದ್ದಾರೆ. ನನಗದು ಸರಿಯೆನಿಸುತ್ತದೆ. ಪ್ಯಾಡಿಗೆ ತಾಗಿದ ಮೇಲಿನ ಚೆಂಡಿನ ದಾರಿ ಯಾವ ಕ್ಯಾಮೆರಾವೂ ಕಂಡದ್ದಲ್ಲ, ಯಂತ್ರದ ಲೆಕ್ಕಾಚಾರ. ಲೆಕ್ಕದಲ್ಲಿ ಕೂದಲೆಳೆಯ ಅನುಮಾನವಿದ್ದರೆ ಕಣ್ಣಾರೆ ಕಂಡವನ ಮಾತು ನಿಲ್ಲಲಿ. 2021ರಲ್ಲೂ ಕುಂಬ್ಳೆ ಸಮಿತಿ ಅದನ್ನು ಉಳಿಸಿಕೊಂಡಿತು.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಸ್ಟೀವ್ ಸ್ಮಿತ್, ಔಟೆಂದಾಗ ಮರುಪರಿಶೀಲನೆ ಕೇಳಲೋ ಬೇಡವೋ ಎಂದು ಡ್ರೆಸ್ಸಿಂಗ್ ರೂಮಿನತ್ತ ನೋಡಿದರು. ನಿಯಮದಂತೆ ಹೊರಗಿನವರ ಸಲಹೆ ಸಲ್ಲದು; ಅಂಪೈರ್ ತಡೆದರು, ಕೊಹ್ಲಿ ಸಿಡಿದರು. ಐಸಿಸಿ ಮಾತ್ರ ಯಾರ ಮೇಲೂ ಕ್ರಮ ಕೈಗೊಳ್ಳಲಿಲ್ಲ.

ಇನ್ನು ನಮ್ಮ ಬಯಲುಗಳು. ಅಲ್ಲಿ ಬೌಂಡರಿ ಆಚೆ ನಿಂತ ಹುಡುಗನ ಮೊಬೈಲೇ ಮೂರನೆಯ ಅಂಪೈರ್. ರನೌಟ್ ನೋಡಲು ಕ್ಯಾಮೆರಾ ಕ್ರೀಸಿನ ನೇರಕ್ಕಿರಬೇಕು. ಓರೆಯಾಗಿ ಹಿಡಿದರೆ ಗೆರೆಯಾಚೆಗಿನ ಬ್ಯಾಟು ಒಳಗಿದ್ದಂತೆ ಕಾಣುತ್ತದೆ. ಮೇಲಾಗಿ ಆ ಹುಡುಗ ಯಾವುದೋ ಒಂದು ತಂಡದವನೇ ಆಗಿರುತ್ತಾನೆ. ಮೊಬೈಲ್ ನೋಡುವುದೋ ಬಿಡುವುದೋ, ಟಾಸ್‌ಗೆ ಮೊದಲೇ ಎರಡೂ ಕಡೆಯವರು ಕೂತು ಮಾತಾಡಿಕೊಳ್ಳಲಿ.