ಸ್ಟೇರಿಂಗ್ ನಮ್ಮ ಕೈಗೆ ಬರಬೇಕಾದರೆ

(ಮಂಗಳೂರಿನ ಹಾಸ್ಟೆಲೊಂದರಲ್ಲಿ ಲಾರಿ ಚಾಲಕರೊಬ್ಬರು ಆಡಿದ ಮಾತು)



ನಾನು ಭಾಷಣಗಾರ ಅಲ್ಲ. ಪಣಂಬೂರು ಬಂದರಿನಿಂದ ಶಿರಾಡಿ ಘಾಟಿ ಹತ್ತಿಸಿ ಬೆಂಗಳೂರಿಗೆ ಲೋಡು ಒಯ್ಯುವವ. ನೀವು ಕರೆದಿರಿ, ಬಂದೆ.

ಕುದ್ಮುಲ್ ರಂಗರಾಯರ ಹೆಸರು ನಿಮಗೆ ಗೊತ್ತುಂಟು. ನಮ್ಮ ಅಜ್ಜಂದಿರಿಗೆ ಶಾಲೆ ತೆರೆದು, ಸ್ವಂತ ಜಾತಿಯವರ ಬಹಿಷ್ಕಾರ ಸಹಿಸಿ, 1928ರಲ್ಲಿ ತೀರಿಕೊಂಡವರು. ಆ ಶಾಲೆಯಲ್ಲಿ ಕಲಿತ ಮಗು ಸರ್ಕಾರಿ ಕೆಲಸ ಹಿಡಿದು ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಅದರ ಧೂಳು ತನ್ನ ತಲೆಗೆ ತಾಗಬೇಕು ಎಂಬ ಆಸೆ ಅವರದ್ದಾಗಿತ್ತು ಎಂದು ಇಂದಿಗೂ ಹೇಳುತ್ತಾರೆ. ದೊಡ್ಡ ಮಾತು. ಆದರೆ ನನ್ನದೊಂದು ಪ್ರಶ್ನೆ: ಆ ಗಾಡಿಯ ಸ್ಟೇರಿಂಗ್ ಯಾರ ಕೈಯಲ್ಲಿ?

ನನ್ನ ಕೈಗೆ ಮೊದಲು ಸಿಕ್ಕಿದ್ದು ಬಟ್ಟೆ ಮತ್ತು ಬಾಲ್ದಿ. ಹದಿನಾರಕ್ಕೇ ಕ್ಲೀನರ್. ಟಯರಿಗೆ ಕಲ್ಲು ಕೊಡುವವ ನಾನು, ಗಾಜು ಉಜ್ಜುವವ ನಾನು. ಊಟಕ್ಕೆ ಮಾತ್ರ ಬೇರೆ ಕೂರಬೇಕು. ಡ್ರೈವರಿಗೆ ನಿದ್ದೆ ಬಂದರೆ ರಾತ್ರಿ ಎರಡು ಗಂಟೆಗೆ 'ಹಿಡಿಯೋ' ಅಂತ ಸ್ಟೇರಿಂಗ್ ಕೊಡುತ್ತಿದ್ದ. ನನಗೋ ಹೆಮ್ಮೆ. ಒಂದು ರಾತ್ರಿ ಲಾರಿ ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಬೆಳಿಗ್ಗೆ ಪೊಲೀಸರ ಮುಂದೆ ಧಣಿ ಹೇಳಿದ್ದು: "ಇವನಿಗೆ ಗಾಡಿ ಕೊಟ್ಟವರ್ಯಾರು? ನನಗೆ ಗೊತ್ತೇ ಇಲ್ಲ." ನಾಲ್ಕು ವರ್ಷ ಅವರ ಗಾಡಿ ತೊಳೆದವ ನಾನು!

ಕೈಗೆ ಕೆಲಸ ಬಂದರೆ ಸಾಲದು, ಕಿಸೆಯಲ್ಲಿ ಕಾಗದವೂ ಬೇಕು ಅಂತ ಅವತ್ತು ಗೊತ್ತಾಯಿತು. ಲೈಸೆನ್ಸಿಲ್ಲದೆ ಓಡಿಸಿದವನಿಗೂ, ಓಡಿಸಲು ಬಿಟ್ಟ ಮಾಲೀಕನಿಗೂ ಇವತ್ತಿನ ಕಾನೂನಲ್ಲಿ ಶಿಕ್ಷೆ ಒಂದೇ: ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಮಾಲೀಕ ನುಣುಚಿಕೊಳ್ಳುತ್ತಾನೆ, ಸಿಕ್ಕಿಬೀಳುವವ ಕ್ಲೀನರ್.

ದಾರಿ ಹೀಗುಂಟು, ಬರೆದುಕೊಳ್ಳಿ. 18 ತುಂಬಿದ ಮೇಲೆ ಲಘು ವಾಹನದ ಲೈಸೆನ್ಸ್. ಅದಾಗಿ ಒಂದು ವರ್ಷ ಕಳೆಯಬೇಕು, ವಯಸ್ಸು 20 ಆಗಬೇಕು. ಆಮೇಲೆ ಹೆವಿಗೆ ಎಲ್.ಎಲ್. ಡಾಕ್ಟರ ಸಹಿಯ ನಮೂನೆ 1-ಎ, ಡ್ರೈವಿಂಗ್ ಶಾಲೆಯ ನಮೂನೆ 5 ಬೇಕು. 30 ದಿನ ಕಳೆದು ಆರ್.ಟಿ.ಒ. ಪರೀಕ್ಷೆ. ಪಾಸಾದರೆ ಐದು ವರ್ಷದ ಲೈಸೆನ್ಸ್, ಮತ್ತೆ ನವೀಕರಣ. 7,500 ಕೆ.ಜಿ. ಒಳಗಿನ ಬಾಡಿಗೆ ಗಾಡಿಗೆ ಲಘು ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಂದರಿನ ದೊಡ್ಡ ಲಾರಿಗೆ, ದೊಡ್ಡ ಬಸ್ಸಿಗೆ ಅದು ಸಾಲದು.

ಮೊದಲು ಎಂಟನೇ ಕ್ಲಾಸು ಪಾಸಾಗಿರಬೇಕಿತ್ತು. ಹೊಟ್ಟೆಪಾಡಿಗೆ ಶಾಲೆ ಬಿಟ್ಟ ನಮ್ಮವರಿಗೆ ಅಲ್ಲೇ ಬಾಗಿಲು ಮುಚ್ಚುತ್ತಿತ್ತು. 2019ರಲ್ಲಿ ಆ ನಿಯಮ ತೆಗೆದರು. ಹಾಗಂತ ನೀವು ಓದು ಬಿಡಬೇಡಿ. ಕೆ.ಎಸ್.ಆರ್.ಟಿ.ಸಿ. ನೇಮಕಾತಿಯಲ್ಲಿ ಡ್ರೈವರಿಗೂ ಎಸ್.ಎಸ್.ಎಲ್.ಸಿ. ಕೇಳಿದ್ದಾರೆ, ಹೆವಿ ಲೈಸೆನ್ಸ್ ಎರಡು ವರ್ಷ ಹಳೆಯದಿರಬೇಕೆಂದೂ ಕೇಳಿದ್ದಾರೆ.

ಡ್ರೈವಿಂಗ್ ಶಾಲೆಯ ಫೀಸು ಕೂಲಿಯವರ ಮಕ್ಕಳಿಗೆ ಹೊರೆಯೇ. ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ಕೆ.ಎಸ್.ಆರ್.ಟಿ.ಸಿ. ಉಚಿತ ತರಬೇತಿ ನಡೆಸಿದ್ದುಂಟು. ಈ ವರ್ಷ ಉಂಟಾ ಅಂತ ಸಮಾಜ ಕಲ್ಯಾಣ ಇಲಾಖೆಗೆ ಹೋಗಿ ಕೇಳಿ. ಒಬ್ಬನೇ ಹೋದರೆ 'ನಾಳೆ ಬಾ' ಅನ್ನುತ್ತಾರೆ. ಹತ್ತು ಜನ ಹೋಗಿ.

ಡಾಕ್ಟರು, ವಕೀಲರು ಆಗುವವರು ಆಗಿ, ನಮಗೂ ಸಂತೋಷ. ಆದರೆ ಲಾರಿ ತೊಳೆಯುವ ತಮ್ಮನೊಬ್ಬ ನಿಮ್ಮೂರಲ್ಲೂ ಇರುತ್ತಾನೆ. ಈ ರಜೆಯಲ್ಲಿ ಅವನ ಅರ್ಜಿ ತುಂಬಿಸಿಕೊಡಿ. ಲೈಸೆನ್ಸ್ ಬಂದ ಮೇಲೆ ಅದನ್ನು ಧಣಿಯ ಕೈಗೆ ಇಟ್ಟುಕೊಳ್ಳಲು ಕೊಡಬೇಡ ಅಂತಲೂ ಹೇಳಿ.